ಮೀನೆಣ್ಣೆ ಗುಳಿಗೆ: ಲೆಕ್ಕ ಕೂಡಿ ಬರುತ್ತಿಲ್ಲ

ಹಾರ್ಟ್ ಅಟ್ಯಾಕ್ ಆಗಿ ಮನೆಗೆ ಬಂದವರನ್ನು ನೋಡಲು ಹೋದವರೆಲ್ಲ ಡಾಕ್ಟರರೇ. ಒಬ್ಬರು ಬೆಳ್ಳುಳ್ಳಿ ಅಂತಾರೆ, ಇನ್ನೊಬ್ಬರು ಮೀನೆಣ್ಣೆ ಗುಳಿಗೆ ಅಂತಾರೆ. ಬೆಳ್ಳುಳ್ಳಿ ಅಡುಗೆಮನೆಯಲ್ಲೇ ಇದೆ. ಗುಳಿಗೆಗೆ ಮಾತ್ರ ತಿಂಗಳು ತಿಂಗಳು ನೋಟು ಬಿಚ್ಚಬೇಕು. ಡಾಕ್ಟರ ಚೀಟಿ ಇಲ್ಲದೆಯೂ ಮೆಡಿಕಲ್ ಶಾಪಿನಲ್ಲಿ ಸಿಗುವ ಈ ಹಳದಿ ಗುಳಿಗೆ ರಕ್ತದ ಕೊಬ್ಬು ಇಳಿಸಿ ಎರಡನೇ ಅಟ್ಯಾಕ್ ತಡೆಯುತ್ತದೆಯೇ?

ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಇಟಲಿಯಲ್ಲಿ ಹೃದಯಾಘಾತವಾಗಿ ಮೂರು ತಿಂಗಳೊಳಗಿದ್ದ 11 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ 1999ರಲ್ಲಿ ಹೊರಬಿತ್ತು. ದಿನಕ್ಕೆ 1 ಗ್ರಾಂ ಶುದ್ಧೀಕರಿಸಿದ ಒಮೆಗಾ-3 ತಿಂದವರಲ್ಲಿ ಸಾವು ಕಡಿಮೆ, ಅದರಲ್ಲೂ ಹಠಾತ್ ಸಾವು. ತಮಾಷೆ ಏನೆಂದರೆ, ಅವರ ರಕ್ತದ ಕೊಬ್ಬು ಹೆಚ್ಚೇನೂ ಇಳಿದಿರಲಿಲ್ಲ!

ಆಮೇಲೆ ಚಿಕಿತ್ಸೆಯೇ ಬದಲಾಯಿತು. ರಕ್ತನಾಳದ ಬ್ಲಾಕ್ ಬೇಗ ಬಿಡಿಸತೊಡಗಿದರು, ಸ್ಟಾಟಿನ್ ಮಾತ್ರೆ ಎಲ್ಲರ ಕೈಗೂ ಬಂತು. ಜರ್ಮನಿಯಲ್ಲಿ 3,851 ರೋಗಿಗಳಲ್ಲಿ ಅದೇ 1 ಗ್ರಾಂ ಪರೀಕ್ಷಿಸಿ 2010ರಲ್ಲಿ ಲೆಕ್ಕ ಹಾಕಿದರೆ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸ ಕಾಣಲಿಲ್ಲ. ನಾರ್ವೆಯಲ್ಲಿ 70 ವರ್ಷ ಮುಟ್ಟಿದವರಿಗೆ 1.8 ಗ್ರಾಂ ಕೊಟ್ಟರು. 2020ರ ವರದಿ ಪ್ರಕಾರ ಟ್ರೈಗ್ಲಿಸರೈಡ್ ಇಳಿಯಿತು, ಅಟ್ಯಾಕ್ ಇಳಿಯಲಿಲ್ಲ. ಅಟ್ಯಾಕ್ ಆದವರ ರಕ್ಷಣೆಗೆ ಈ ಔಷಧಿ ಫಲಕಾರಿಯಲ್ಲವೆಂದು ಯುರೋಪಿನ ಔಷಧ ಸಂಸ್ಥೆ 2019ರಲ್ಲೇ ಖಚಿತಪಡಿಸಿತು.

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಡಬ್ಬಿಯ ಮೇಲೆ 1000 ಮಿ.ಗ್ರಾಂ ಅಂತ ದಪ್ಪಕ್ಷರ. ತಿರುಗಿಸಿ ಸಣ್ಣಕ್ಷರ ಓದಿ. ಸಾಮಾನ್ಯ ಗುಳಿಗೆಯಲ್ಲಿ ಇಪಿಎ 180, ಡಿಎಚ್‌ಎ 120. ಕೂಡಿದರೆ 300. ಉಳಿದ 700 ಬೇರೆ ಎಣ್ಣೆ. ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯಲು ದಿನಕ್ಕೆ 2ರಿಂದ 4 ಗ್ರಾಂ ಒಮೆಗಾ-3 ಬೇಕು. 4 ಗ್ರಾಮಿಗೆ ಇಂಥ 13 ಗುಳಿಗೆ! ಊಟ ಬಿಟ್ಟು ಅದನ್ನೇ ನುಂಗಬೇಕಾದೀತು. ಇಷ್ಟಾದರೂ ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ ಇಳಿಯದು. ಆ ಕೆಲಸ ಸ್ಟಾಟಿನ್‌ನದು.

ಸ್ಟಾಟಿನ್ ತಿಂದೂ ಟ್ರೈಗ್ಲಿಸರೈಡ್ ಏರಿಯೇ ಇದ್ದವರಿಗೆ ಶುದ್ಧ ಇಪಿಎ ಔಷಧಿ ದಿನಕ್ಕೆ 4 ಗ್ರಾಂ ಕೊಟ್ಟಾಗ ಹೃದಯದ ಅಪಾಯಗಳು ಶೇ. 25 ತಗ್ಗಿದ್ದು 2018ರಲ್ಲಿ ವರದಿಯಾಗಿದೆ, ನಿಜ. ಆದರೆ ಹೋಲಿಕೆಗೆ ಬಳಸಿದ ಖನಿಜ ಎಣ್ಣೆಯ ಬಗ್ಗೆ ತಕರಾರು ಎದ್ದಿತು. ಇಪಿಎ, ಡಿಎಚ್‌ಎ ಎರಡೂ ಇದ್ದ ಇನ್ನೊಂದು ಔಷಧಿಯನ್ನು ಅಷ್ಟೇ ಪ್ರಮಾಣದಲ್ಲಿ 13,078 ಜನರಲ್ಲಿ ಪರೀಕ್ಷಿಸಿದಾಗ ಲಾಭ ಸಿಗಲಿಲ್ಲ. ಮೇಲಾಗಿ ಎದೆಬಡಿತದ ತಾಳ ತಪ್ಪುವ ಕಾಯಿಲೆ ಎರಡೂ ಕಡೆ ಹೆಚ್ಚಿತು. ಇದು ಡಾಕ್ಟರು ತೂಗಿ ನೋಡಿ ಬರೆಯಬೇಕಾದ ಔಷಧಿ, ಕೌಂಟರಿನಲ್ಲಿ ಕೇಳಿ ಪಡೆಯುವಂಥದಲ್ಲ.

ಗುಳಿಗೆ ದಂಡವಾದರೆ ದುಡ್ಡು ಹೋಯಿತು, ಅಷ್ಟೇ. ಆದರೆ "ನ್ಯಾಚುರಲ್ ಇದೆಯಲ್ಲ" ಅಂತ ಸ್ಟಾಟಿನ್, ಆಸ್ಪಿರಿನ್ ಬಿಟ್ಟು ಇದನ್ನೇ ನಂಬಿದರೆ ಹೋಗುವುದು ಜೀವ.

ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿಯಲ್ಲಿ ಇದೇ ಒಮೆಗಾ-3 ಧಾರಾಳ. ವಾರಕ್ಕೆರಡು ಸಲ ಪುಳಿಮುಂಚಿ ಮಾಡಿಕೊಳ್ಳಲಿ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮಾತು ಬೇರೆ. ತಿನ್ನದವರು ಈ ಗುಳಿಗೆಗಾಗಿ ವ್ರತ ಕೆಡಿಸಿಕೊಳ್ಳುವ ಅಗತ್ಯವಂತೂ ಇಲ್ಲ.