ಲ್ಯಾಪ್ ಟೈಮ್ ನಂಬದವರು ಪೆಟ್ರೋಲ್ ಬಂಕನ್ನು ನಂಬಿದರು

ನಮ್ಮ ಸಾಹಿತ್ಯ ಗೋಷ್ಠಿಗಳಲ್ಲಿ ಕ್ರಿಕೆಟ್‌ಗೆ ಮಾಫಿ ಇದೆ. ಕಂಬಳಕ್ಕೆ, ಎತ್ತಿನಗಾಡಿ ಓಟಕ್ಕೆ ಗೌರವವೇ ಇದೆ. ಅವುಗಳ ಮೇಲೆ ಪ್ರಬಂಧ ಮಂಡಿಸಿದರೆ ಪ್ರಮಾಣಪತ್ರವೂ ಸಿಗುತ್ತದೆ. ಫಾರ್ಮುಲಾ ಒನ್ ನೋಡುತ್ತೇನೆ ಎಂದರೆ ಮಾತ್ರ ಹಿರಿಯರ ಹುಬ್ಬು ಗಂಟಾಗುತ್ತದೆ. ಅದರಲ್ಲೂ ರೇಸೇ ಅಲ್ಲದ, ಗೆದ್ದವರು ಸೋತವರು ಯಾರೂ ಇಲ್ಲದ ಟೆಸ್ಟಿಂಗ್ ಬಗ್ಗೆ ದೊಡ್ಡಬಳ್ಳಾಪುರದ ಹುಡುಗರು ರಾತ್ರಿ ಹನ್ನೊಂದರವರೆಗೆ ಜಗಳ ಆಡುತ್ತಾರೆ ಎಂದು ಹೇಳಿ ನೋಡಿ. ‘ಸಾಹುಕಾರರ ಆಟಕ್ಕೆ ಬಡವರ ಮಕ್ಕಳ ಚಪ್ಪಾಳೆ’ ಎಂಬ ತೀರ್ಪು ಚಹಾ ತಣ್ಣಗಾಗುವುದರೊಳಗೆ ಬರುತ್ತದೆ. 2011ರಿಂದ 2013ರವರೆಗೆ ಬುದ್ಧ ಸರ್ಕ್ಯೂಟಿನಲ್ಲಿ ಮೂರು ರೇಸ್ ನಡೆದಾಗ ಉತ್ತರ ಪ್ರದೇಶ ಸರ್ಕಾರ ಇದು ಕ್ರೀಡೆಯಲ್ಲ, ಮನರಂಜನೆ ಎಂದು ತೆರಿಗೆ ಕೇಳಿತ್ತು. ನಮ್ಮ ವಿಮರ್ಶಕರು ಆ ತೆರಿಗೆ ಇಲಾಖೆಗಿಂತ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ.

ಸಾಹುಕಾರರ ಆಟ ಎಂಬುದು ಸುಳ್ಳೇನಲ್ಲ. ವಿಜಯ್ ಮಲ್ಯ ಭಾರತದ ಹೆಸರಿಟ್ಟು 2008ರಿಂದ 2018ರವರೆಗೆ ನಡೆಸಿದ ಫೋರ್ಸ್ ಇಂಡಿಯಾ ತಂಡದ ನೆಲೆ ಇದ್ದದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ. ಒಬ್ಬ ಭಾರತೀಯನೂ ಅದರ ಕಾರಿನಲ್ಲಿ ರೇಸ್ ಓಡಿಸಲಿಲ್ಲ. ಆದರೆ ಆಡಿಸುವವರು ಸಾಹುಕಾರರಾದ ಮಾತ್ರಕ್ಕೆ ನೋಡುವವರು ಮಂಕುಗಳಾಗುವುದಿಲ್ಲ. ಇಲ್ಲಿ ನೋಡುವವರು ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿ ಬರುವ ಐಟಿಐ ಹುಡುಗರು, ಹೊಸಕೋಟೆ ಕಡೆಯ ಗ್ಯಾರೇಜಿನವರು, ಡಿಪ್ಲೊಮಾ ಓದುವ ಹುಡುಗಿಯರು. ಪತ್ರಿಕೆಗಳಿಗೆ ನಮ್ಮ ಜಿಲ್ಲೆಯ ವೇಗ ಎಂದರೆ ದೇವನಹಳ್ಳಿ ರಸ್ತೆಯ ವ್ಹೀಲಿ ಮತ್ತು ಮಾರನೆಯ ದಿನದ ಪೊಲೀಸ್ ಕೇಸು. ವ್ಹೀಲಿ ಮಾಡುವವರು ಬೇರೆ, ಇವರು ಬೇರೆ. ಇವರು ಓದುವವರು. ಪಠ್ಯವನ್ನು ಅನುಮಾನದಿಂದ ಓದುವುದು ಹೇಗೆಂದು ಕಲಿಯಲು ನಾಲ್ಕು ವರ್ಷ ಫೆಲೋಶಿಪ್ ತಿಂದವನಾಗಿ ಈ ಮಾತು ಹೇಳುತ್ತಿದ್ದೇನೆ.

ಟೆಸ್ಟಿಂಗ್‌ನಲ್ಲಿ ಪರದೆಯ ಮೇಲೆ ಮೂಡುವ ಸಮಯ ಬರೀ ಒಂದು ಹೇಳಿಕೆ. ಟ್ಯಾಂಕಿನಲ್ಲಿ ಎಷ್ಟು ಇಂಧನವಿತ್ತು ಎಂದು ಯಾವ ತಂಡವೂ ಬಾಯಿ ಬಿಡುವುದಿಲ್ಲ. ಹತ್ತು ಕೆ.ಜಿ. ಇಂಧನ ಹೆಚ್ಚಿದ್ದರೆ ಒಂದು ಸುತ್ತಿಗೆ ಸುಮಾರು 0.3 ಸೆಕೆಂಡು ಹೆಚ್ಚು ಹಿಡಿಯುತ್ತದೆ ಎಂಬುದು ವಾಡಿಕೆಯ ಲೆಕ್ಕ. ಮೆತ್ತನೆ ಟೈರೋ ಗಟ್ಟಿ ಟೈರೋ, ಉರಿಬಿಸಿಲೋ ತಂಪು ಸಂಜೆಯೋ, ಎಂಜಿನ್ನಿನ ಪೂರ್ತಿ ಶಕ್ತಿ ಬಿಟ್ಟಿದ್ದರೋ ಬಚ್ಚಿಟ್ಟಿದ್ದರೋ, ಎಲ್ಲವನ್ನೂ ಕಳೆದು ಕೂಡಿಸಿ ನೋಡಬೇಕು. “ಟೈಮ್ ನೋಡ್ಬೇಡ ಕಣ್ಲಾ, ಯಾವ್ ಟೈರಲ್ಲಿ, ಯಾವ್ ಹೊತ್ತಲ್ಲಿ ಓಡ್ಸವ್ರೆ ಅದ್ ನೋಡು” ಎನ್ನುವವನು ಸೆಮಿನಾರುಗಳಲ್ಲಿ ನಾವು ಆಡುವ ‘ಸಂದರ್ಭ’ ಎಂಬ ಪದವನ್ನು ಕೆಲಸಕ್ಕೆ ಹಚ್ಚಿದ್ದಾನೆ. ಈ ಅನುಮಾನವೂ ಕೆಲವೊಮ್ಮೆ ಮೋಸ ಹೋಗುತ್ತದೆ. 2009ರ ಮಾರ್ಚಿನಲ್ಲಿ ಬ್ರಾನ್ ತಂಡ ತಡವಾಗಿ ಬಂದು ಎಲ್ಲರಿಗಿಂತ ವೇಗವಾಗಿ ಓಡಿದಾಗ, ಪ್ರಾಯೋಜಕರನ್ನು ಸೆಳೆಯಲು ಕಾರು ಹಗುರ ಮಾಡಿ ಓಡಿಸುತ್ತಿದ್ದಾರೆ ಎಂದರು. ಆ ವರ್ಷ ಜೆನ್ಸನ್ ಬಟನ್ ಅದೇ ಕಾರಿನಲ್ಲಿ ಚಾಂಪಿಯನ್ ಆದ. ಆ ಕಾರಿನ ಹಿಂಭಾಗದ ಡಬಲ್ ಡಿಫ್ಯೂಸರ್ ಹುಟ್ಟಿದ್ದು ಹೊಸ ನಿಯಮದ ವಾಕ್ಯಗಳನ್ನು ಬೇರೆಯವರಿಗಿಂತ ಚೆನ್ನಾಗಿ ಓದಿದ್ದರಿಂದ.

ಈ ವರ್ಷದ ಓದು ಇನ್ನೂ ಕಠಿಣ. ಮೊದಲು 120 ಕಿಲೋವ್ಯಾಟ್ ಕೊಡುತ್ತಿದ್ದ ವಿದ್ಯುತ್ ಮೋಟರು ಈಗ 350 ಕೊಡುತ್ತದೆ. ಒಟ್ಟು ಶಕ್ತಿಯ ಹತ್ತಿರಹತ್ತಿರ ಅರ್ಧ ಬ್ಯಾಟರಿಯದು. ಟರ್ಬೊದಿಂದ ವಿದ್ಯುತ್ ತೆಗೆಯುತ್ತಿದ್ದ ಯಂತ್ರ ಹೋಗಿದೆ. ಡಿಆರ್‌ಎಸ್ ಹೋಗಿ, ನೇರ ರಸ್ತೆಯಲ್ಲಿ ಮುಂದಿನ ಹಿಂದಿನ ಎರಡೂ ರೆಕ್ಕೆ ಮಲಗುತ್ತವೆ. ಕನಿಷ್ಠ ತೂಕ 768 ಕೆ.ಜಿ. ಒಂದು ಸುತ್ತು ಮಿಂಚಿನಂತೆ ಓಡಿದ ಕಾರು ಮುಂದಿನ ಸುತ್ತಿಗೆ ಬ್ಯಾಟರಿ ಉಳಿಸಿಕೊಂಡಿತ್ತೇ ಎಂದು ಕೇಳದೆ ಅದನ್ನು ವೇಗದ ಕಾರು ಎನ್ನುವಂತಿಲ್ಲ. (ಇದಕ್ಕೆಲ್ಲ ಕನ್ನಡದಲ್ಲಿ ಪದ ಇಲ್ಲ ಎಂದು ಕೊರಗುವವರು ಒಮ್ಮೆ ಇವರ ಜೊತೆ ಕೂರಲಿ. “ಬ್ಯಾಟ್ರಿ ದಮ್ ಬಿಡ್ತು” ಎಂಬುದಕ್ಕೆ ಪಾರಿಭಾಷಿಕ ಪದಕೋಶ ಬೇಕಿಲ್ಲ.)

ನನಗೆ ಎಲ್ಲಕ್ಕಿಂತ ರುಚಿಸಿದ್ದು ಕಂಪ್ರೆಷನ್ ರೇಷಿಯೋದ ಗಲಾಟೆ. ಪಿಸ್ಟನ್ ಮೇಲೇರಿದಾಗ ಗಾಳಿ-ಇಂಧನ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬ ಲೆಕ್ಕ ಅದು. ಮೊದಲು 18 ಇದ್ದ ಮಿತಿಯನ್ನು ಈಗ 16ಕ್ಕೆ ಇಳಿಸಿದ್ದಾರೆ. ಸೀಸನ್ ಶುರುವಾಗುವಾಗಿನ ನಿಯಮದಂತೆ ಅದನ್ನು ಅಳೆಯಬೇಕಾಗಿದ್ದದ್ದು ಎಂಜಿನ್ ತಣ್ಣಗಿರುವಾಗ. ಬಿಸಿಯಾದಾಗ ಲೋಹ ಹಿಗ್ಗಿ ಮಿತಿ ದಾಟುವಂತೆ ಯಾರೋ ಎಂಜಿನ್ ಕಟ್ಟಿದ್ದಾರೆ ಎಂಬ ಆರೋಪ ಸೀಸನ್ನಿಗೆ ಮೊದಲೇ ಎದ್ದಿತು. ನಿಯಮದ ಅಕ್ಷರ ಮುಖ್ಯವೋ ಆಶಯ ಮುಖ್ಯವೋ? ಇದೇ ಪ್ರಶ್ನೆ ಇಟ್ಟುಕೊಂಡು ಮೀಮಾಂಸಕರು ಶತಮಾನಗಳ ಕಾಲ ಜಗಳ ಆಡಿದ್ದಾರೆ, ನಾವು ಅದನ್ನು ಪಿಎಚ್‌ಡಿ ಕೋರ್ಸ್‌ವರ್ಕಿನಲ್ಲಿ ಓದುತ್ತೇವೆ. ಗ್ಯಾರೇಜಿನ ಮುಂದೆ ಕೇಳಿದರೆ ಅದು ಕಾಲಹರಣ.

ಇನ್ನು ಅಭಿಮಾನಿಗಳ ಮೇಲಿನ ತಕರಾರು. ಜನವರಿ 26ರಿಂದ 30ರವರೆಗೆ ಬಾರ್ಸಿಲೋನಾದಲ್ಲಿ ನಡೆದ ಮೊದಲ ಟೆಸ್ಟಿಂಗ್‌ಗೆ ಪತ್ರಕರ್ತರಿಗೂ ಪ್ರೇಕ್ಷಕರಿಗೂ ಬಾಗಿಲು ಮುಚ್ಚಿದ್ದಕ್ಕೆ ನೀವು ಕೆಂಡಾಮಂಡಲವಾದಿರಿ. ಹೊಸ ನಿಯಮದ ಮೊದಲ ಓಟವನ್ನು ಮುಚ್ಚಿಡುವುದೇ ಎಂದು ಕೇಳಿದಿರಿ. ಸರಿಯಾದ ಪ್ರಶ್ನೆ. ಆ ಪ್ರಶ್ನೆ ಕೇಳಿ ಮನೆಗೆ ಹೋದ ನಿಮ್ಮ ಬೈಕಿನ ಟ್ಯಾಂಕಿನಲ್ಲಿ ಏನಿತ್ತು?

2022ರಲ್ಲಿ ಫಾರ್ಮುಲಾ ಒನ್ನೂ ಭಾರತವೂ ಒಂದೇ ಗೆರೆಯಲ್ಲಿ ನಿಂತಿದ್ದವು: ಎರಡೂ ಕಡೆ ಇಂಧನದಲ್ಲಿ ಶೇ 10 ಎಥನಾಲ್. ಅದೇ ಆಗಸ್ಟಿನಲ್ಲಿ ಅವರು 2026ರ ಎಂಜಿನ್ ನಿಯಮ ಒಪ್ಪಿದರು. ಪೂರ್ತಿ ಸುಸ್ಥಿರ ಇಂಧನ, ಅದೂ ತಿನ್ನುವ ಬೆಳೆಯಿಂದ ತೆಗೆದದ್ದಲ್ಲ. ತಯಾರಿಗೆ ಮೂರು ವರ್ಷಕ್ಕೂ ಹೆಚ್ಚು ಸಮಯ, ಕಾರೂ ಹೊಸದು. ನಮ್ಮಲ್ಲಿ 2030ಕ್ಕೆಂದು ಇಟ್ಟಿದ್ದ ಶೇ 20ರ ಗುರಿಯನ್ನು 2025ಕ್ಕೆ ಎಳೆದರು. ಇಂಧನ ಹೊಸದು, ಗಾಡಿ ಹಳೆಯದು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೇ ಹಳೆಯ ದ್ವಿಚಕ್ರ ವಾಹನಗಳ ಮೈಲೇಜು ಶೇ 3–4, ಕಾರುಗಳದು ಶೇ 6–7 ಇಳಿಯಬಹುದು ಎಂದಿತ್ತು. ಲೀಟರಿಗೆ 50 ಕಿ.ಮೀ. ಕೊಡುವ ಬೈಕು ಒಂದೂವರೆಯಿಂದ ಎರಡು ಕಿ.ಮೀ. ಕಳೆದುಕೊಳ್ಳುತ್ತದೆ. ಎಥನಾಲ್ ಬೆರೆಸಿದ್ದಕ್ಕೆಂದು ಬಂಕಿನಲ್ಲಿ ದರ ಇಳಿಸಲಿಲ್ಲ. ಹಳೆಯ ಗಾಡಿಯವರಿಗೆ ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಕೊಡಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಎಥನಾಲಿನ ಆಕ್ಟೇನ್ ಹೆಚ್ಚು, ಎಂಜಿನ್ನಿಗೆ ಒಳ್ಳೆಯದು ಎಂದು ಪೆಟ್ರೋಲಿಯಂ ಸಚಿವಾಲಯ ಹೇಳುತ್ತದೆ. ಆಕ್ಟೇನ್ ಹೆಚ್ಚು ಎಂಬುದು ನಿಜ. ಆ ಲಾಭ ಪೂರ್ತಿ ಸಿಗಬೇಕಾದರೆ ಕಂಪ್ರೆಷನ್ ರೇಷಿಯೋ ಏರಿಸಬೇಕು ಎಂಬುದು 16ಕ್ಕೂ 18ಕ್ಕೂ ರಾತ್ರಿಯೆಲ್ಲ ಜಗಳ ಆಡಿದ ನಿಮಗೆ ಗೊತ್ತಿಲ್ಲವೇ? 2016ರ ಬೈಕಿನ ಎಂಜಿನ್ ಸರ್ಕಾರದ ಆದೇಶ ಓದಿ ತನ್ನ ರೇಷಿಯೋ ಏರಿಸಿಕೊಳ್ಳುವುದಿಲ್ಲ. ವಿದೇಶಿ ವಿನಿಮಯ ಉಳಿಯುತ್ತದೆ, ರೈತರಿಗೆ ದುಡ್ಡು ಬರುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಎಥನಾಲಿಗೆ ಹೋಗುವ ಮೆಕ್ಕೆಜೋಳ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದೂ ಕಳೆದ ವರ್ಷದ ಕೊನೆಗೆ ಕರ್ನಾಟಕದ ಮಾರುಕಟ್ಟೆಗಳಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಬಿಕರಿಯಾಯಿತು, ರೈತರು ಬೀದಿಗಿಳಿದರು. ಮಣ್ಣಿನ ಮಕ್ಕಳ ಬಗ್ಗೆ ಬರೆಯುವ ನಮ್ಮ ಹಿರಿಯರಾಗಲಿ, ಇಂಧನದ ಗ್ರಾಂ ಲೆಕ್ಕ ಹಾಕುವ ನೀವಾಗಲಿ ಆ ಬೆಳೆಯಿಂದ ಈ ಟ್ಯಾಂಕಿನವರೆಗಿನ ದಾರಿಯನ್ನು ಓದಲಿಲ್ಲ. ಅವರಿಗೆ ಯಂತ್ರ ಅಸಹ್ಯ, ನಿಮಗೆ ಬಂಕು ಬೋರು.

ಪರೀಕ್ಷೆ ಮಾಡುವ ವಿಧಾನ ನಿಮಗೆ ಗೊತ್ತು. ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ಹೋಗಿ ಬರುವ ಒಂದೇ ದಾರಿ, ಒಂದೇ ಹೊತ್ತು, ಒಂದೇ ಸವಾರ, ಟೈರಿಗೆ ಒಂದೇ ಗಾಳಿ, ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ. ಗಾಡಿಯ ಮಾಡೆಲ್, ವರ್ಷ, ಕಂಪ್ರೆಷನ್ ರೇಷಿಯೋ ಬರೆದಿಡಬೇಕು. ಇಪ್ಪತ್ತು ಗಾಡಿ, ಮೂರು ತಿಂಗಳು. ಗ್ಯಾರೇಜಿಗೆ ಬಂದ ಗಾಡಿಗಳ ಫ್ಯೂಯಲ್ ಪೈಪು, ರಬ್ಬರು, ಗ್ಯಾಸ್ಕೆಟ್ಟುಗಳ ಲೆಕ್ಕವನ್ನೂ ಸೇರಿಸಿ. ಕೆಲವು ಹಳೆಯ ವಾಹನಗಳಲ್ಲಿ ಇವನ್ನು ಬೇಗ ಬದಲಿಸಬೇಕಾಗಬಹುದು ಎಂದು ಸಚಿವಾಲಯವೇ ಒಪ್ಪಿದೆ. ಬರೆದುಕೊಳ್ಳುವ ಕೆಲಸಕ್ಕೆ ಕನ್ನಡ ವಿಭಾಗದವರು ಬರಲಿ, ನಮಗೆ ಹೇಗೂ ಕ್ಷೇತ್ರಕಾರ್ಯದ ಅಂಕ ಬೇಕು. ನನ್ನ ಗಾಡಿ 2016ರದ್ದು, ಅದರಿಂದಲೇ ಶುರು ಮಾಡಬಹುದು.