ಉಬ್ಬಿದ ಕ್ಯಾಮರಾ, ಪಂಚರತ್ನಂ ಮತ್ತು ಜೋಡೆತ್ತಿನ ಹೆಜ್ಜೆ

ಯುಗಾದಿಗೆ ಕಣಗಿನಹಾಳಕ್ಕೆ ಹೋದಾಗ ಅಕ್ಕನ ಮಗ ನನ್ನ ಮೊಬೈಲ್ ತಿರುಗಿಸಿ ನೋಡಿ ಕೇಳಿದ, "ಮಾಮಾ, ಇಷ್ಟು ತೆಳ್ಳನ ಫೋನಿಗೆ ಕ್ಯಾಮರಾ ಯಾಕ ಉಬ್ಬೇತಿ?" ಮಸೂರಗಳನ್ನ ಒಂದರ ಮೇಲೊಂದು ಪೇರಿಸಬೇಕಲ್ಲ, ಜಾಗ ಎಲ್ಲಿಂದ ತರೋದು!

ಹೊಲದ ದಾರೀಲಿ ಅವನಿಗೆ ಬೆಳಕಿನ 'ಫೇಸ್' ಹೇಳಿದೆ. ಜೋಡೆತ್ತು ಒಂದೇ ವೇಗದಲ್ಲಿ ನಡೆದರೂ ಒಂದು ಕಾಲೆತ್ತಿದಾಗ ಇನ್ನೊಂದರ ಕಾಲು ನೆಲದ ಮೇಲಿರಬಹುದು. ಆ ವ್ಯತ್ಯಾಸವೇ ಫೇಸ್. ಮಸೂರ ನಡುವೆ ದಪ್ಪವಾಗಿದ್ದು, ಅಲ್ಲಿ ಹಾಯುವ ಬೆಳಕನ್ನ ತಡಮಾಡಿಸಿ, ಎಲ್ಲ ಅಲೆಗಳೂ ಒಂದೇ ಬಿಂದುವಿನಲ್ಲಿ ಹೆಜ್ಜೆ ಕೂಡಿಸೋ ಹಾಗೆ ಮಾಡುತ್ತೆ.

ದಪ್ಪವಿಲ್ಲದೇ ಇದನ್ನ ಮಾಡಬಹುದಾ? 2016ರಲ್ಲಿ ಹಾರ್ವರ್ಡ್‌ನ ಫೆಡೆರಿಕೊ ಕಪಾಸೊ ತಂಡ ಮಾಡಿ ತೋರಿಸಿತು. ಚಪ್ಪಟೆ ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಕಂಬಗಳು. ಎತ್ತರ 600 ನ್ಯಾನೊಮೀಟರ್, ಅಂದರೆ ಕೂದಲಿನ ದಪ್ಪದ ಸುಮಾರು ನೂರನೇ ಒಂದು ಪಾಲು! ಕಂಬಗಳ ಅಳತೆ ಒಂದೇ, ನಿಲ್ಲಿಸಿದ ಕೋನ ಮಾತ್ರ ಬೇರೆ ಬೇರೆ. ವೃತ್ತಾಕಾರವಾಗಿ ಧ್ರುವೀಕರಿಸಿದ ಬೆಳಕಿಗೆ ಕಂಬವನ್ನ 30 ಡಿಗ್ರಿ ತಿರುಗಿಸಿದರೆ ಫೇಸ್ 60 ಡಿಗ್ರಿ ಸರಿಯುತ್ತೆ.

ಇದಕ್ಕೆ ಪಂಚರತ್ನಂ-ಬೆರ್ರಿ ಫೇಸ್ ಅಂತಾರೆ. ಎಸ್. ಪಂಚರತ್ನಂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದವರು, ಸಿ.ವಿ. ರಾಮನ್ನರ ಸಂಬಂಧಿ. 1956ರಲ್ಲಿ, 22ರ ವಯಸ್ಸಿಗೇ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದನ್ನ ಬರೆದರು. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರ್ರಿ ಕ್ವಾಂಟಂ ಲೋಕದಲ್ಲಿ ಇಂಥದ್ದೇ ಫೇಸ್ ಕಂಡರು. ಇದರ ಬೆಳಕಿನ ರೂಪ ಪಂಚರತ್ನಂ ಬರೆದದ್ದರಲ್ಲೇ ಇದೆ ಅಂತ 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ತೋರಿಸಿಕೊಟ್ಟರು. ಮೂವತ್ತು ವರ್ಷ... ಪಂಚರತ್ನಂ 1969ರಲ್ಲೇ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಿದ್ದರು. ಆಗ ಅವರಿಗೆ 35.

"ಎಲ್ಲಾ ನಮ್ಮವರೇ ಮೊದಲು ಮಾಡಿದ್ದು" ಅನ್ನೋ ಸಂದೇಶಗಳು ಬಂದಾಗ ನನಗೆ ಸಿಟ್ಟು ಬರುತ್ತೆ. ಚಪ್ಪಟೆ ಮಸೂರ ಪಂಚರತ್ನಂ ಮಾಡಿದ್ದಲ್ಲ. ಆದರೆ ಅವರ ಲೇಖನ ನಮ್ಮಲ್ಲೇ ಅಚ್ಚಾಗಿತ್ತು, ಓದಿ ಮುಂದುವರಿಸೋದಕ್ಕೆ ಯಾರೂ ಅಡ್ಡ ಬಂದಿರಲಿಲ್ಲ. ಮೊದಲು ಅನ್ನೋ ಹೆಮ್ಮೆ ನಮ್ಮೂರಿಗೂ ಇದೆ ಬಿಡಿ. 1905ರ ಸಹಕಾರ ಸಂಘ, ಸಿದ್ದನಗೌಡ ಪಾಟೀಲರು, ಏಷ್ಯಾದಲ್ಲೇ ಮೊದಲು ಅಂತ ಹುಡುಗರೂ ಒಪ್ಪಿಸ್ತಾರೆ. ಆಗ ಸಂಘ ಹೇಗೆ ನಡೀತಿತ್ತು ಅಂತ ಕೇಳಿ, ಮೌನ. ನಾನೂ ಆ ಸಾಲಿನವನೇ.

ಅಂದಹಾಗೆ, ಅಕ್ಕನ ಮಗನಿಗೆ 'ಪ್ರಾವಸ್ಥೆ' ಅಂದಾಗ ಮುಖ ಕಿವುಚಿದ. 'ಹೆಜ್ಜೆ' ಅಂದ ಕೂಡಲೇ ಹಿಡಿದುಕೊಂಡ. ಪದಕೋಶದವರು ಬೈದರೂ ಇನ್ನು ನಾನು ಹೆಜ್ಜೆ ಅಂತಲೇ ಬರೆಯೋನು. ಇದಕ್ಕಿಂತ ಒಳ್ಳೇ ಪದ ನಿಮ್ಮ ಕಡೆ ಇದ್ರೆ ಹೇಳ್ರಿ.