ನೋವು ನುಂಗಿದರೆ ಮೊಣಕಾಲು ಬಗ್ಗುವುದಿಲ್ಲ

ಮೊಣಕಾಲಿನ ಕೀಲು ಬದಲಾಯಿಸಿಕೊಂಡವರನ್ನು ನೋಡಿ ಬಂದವರು ಹೇಳುವ ಮಾತು ಒಂದಿದೆ: "ಎಂಥಾ ತಾಳ್ಮೆ ಮಾರಾಯ್ರೆ, ನೋವಿನ ಮಾತ್ರೆಯೇ ಬೇಡ ಅಂತಾರೆ." ಮಂಜೇಶ್ವರ, ಉಪ್ಪಳದ ನಮ್ಮ ಮನೆಗಳಲ್ಲಿ ಇದು ಹೊಗಳಿಕೆ. ನನಗೆ ಇದರಲ್ಲಿ ಹೊಗಳುವಂಥದ್ದು ಏನೂ ಕಾಣುವುದಿಲ್ಲ.

ನಾನು ವೈದ್ಯನಲ್ಲ, ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಆದರೆ ಒಳಗೆ ಕೂರಿಸುವ ಸಾಮಾನು ನನಗೆ ಅರ್ಥವಾಗುವಂಥದ್ದೇ. ತೊಡೆಯೆಲುಬಿನ ತುದಿಗೆ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಹೊದಿಕೆ, ಕೆಳಗೆ ಲೋಹದ ತಟ್ಟೆ, ನಡುವೆ ಪಾಲಿಎಥಿಲೀನ್. ಅದು ಮೊದಲ ದಿನದಿಂದಲೇ ಬಗ್ಗಲು ತಯಾರು. ನೋಯುವುದು ಸುತ್ತಲಿನ ಕೊಯ್ದ ಮಾಂಸ, ಚರ್ಮ. ನೋವಿಗೆ ಹೆದರಿ ಕಾಲು ಆಡಿಸದಿದ್ದರೆ ಒಳಗಿನ ಗಾಯ ಗಟ್ಟಿಯಾಗಿ ಕೀಲು ಬಿಗಿಯುತ್ತದೆ. ಮೊದಲ ಕೆಲವು ವಾರ ಹೀಗೆ ಕಳೆದರೆ ಆಮೇಲೆ ಬಿಡಿಸುವುದು ಕಷ್ಟ. ಕುರ್ಚಿಯಿಂದ ಸಲೀಸಾಗಿ ಏಳಬೇಕಾದರೂ 90 ಡಿಗ್ರಿಯಷ್ಟಾದರೂ ಬಗ್ಗಬೇಕು.

ಮಾತ್ರೆ ಇರುವುದು ಅದಕ್ಕೆ. ವೈದ್ಯರು ಬರೆದದ್ದನ್ನು ಹೊತ್ತಿಗೆ ಸರಿಯಾಗಿ ಕೊಡಿ, ವ್ಯಾಯಾಮಕ್ಕೆ ಅರ್ಧ-ಮುಕ್ಕಾಲು ಗಂಟೆ ಮೊದಲು ಒಂದು ಹೊತ್ತಿನದ್ದು ಬೀಳುವಂತೆ ಅವರಲ್ಲೇ ಕೇಳಿ ಹೊಂದಿಸಿ. ನೋವು ತಲೆಗೇರಿದ ಮೇಲೆ ಇಳಿಸುವುದು ಸುಲಭವಲ್ಲ.

"ಕಿಡ್ನಿ ಹೋಗುತ್ತದೆ" ಎಂಬ ಹೆದರಿಕೆ ಪೂರ್ತಿ ಸುಳ್ಳಲ್ಲ. ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ವಯಸ್ಸಾದವರಿಗೆ, ಶುಗರ್-ಬಿಪಿ ಇರುವವರಿಗೆ ತೊಂದರೆ ಕೊಡಬಹುದು. ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ತಮಾಷೆಯೆಂದರೆ, ಚೀಟಿಯಲ್ಲಿ ಬರೆದ ಮಾತ್ರೆ ಬೇಡ ಎನ್ನುವ ಮನೆಯವರೇ ರಾತ್ರಿ ತಡೆಯಲಾಗದಾಗ ಮೆಡಿಕಲ್‌ಗೆ ಹುಡುಗನನ್ನು ಓಡಿಸಿ ಚೀಟಿಯಿಲ್ಲದ್ದನ್ನು ತರಿಸುತ್ತಾರೆ! ನಮ್ಮ ಅಂಗಡಿಯಲ್ಲಿ ನೋವಿನ ಮುಲಾಮು ಮಾರುತ್ತೇವೆ. ಹೊಲಿಗೆಯ ಮೇಲೆ ಹಚ್ಚಬೇಡಿ ಎಂದು ಉಪ್ಪ ಹೇಳಿಯೇ ಕೊಡುವುದು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದಿಪ್ಪತ್ತು ನಿಮಿಷ ಇಟ್ಟರೆ ಅದಕ್ಕಿಂತ ಆರಾಮ.

ಪ್ರೀತಿಯಿಂದ ಮೊಣಕಾಲಿನ ಅಡಿಗೆ ದಿಂಬು ಇಡುತ್ತಾರಲ್ಲ, ಅದೂ ಬೇಡ. ಕಾಲು ಮಡಚಿದಂತೆಯೇ ಉಳಿಯುತ್ತದೆ. ಹಿಮ್ಮಡಿಯ ಅಡಿಗಿಡಿ.

ಇನ್ನು ಭಾಷೆ. ಮಂಗಳೂರಿನಿಂದ ಬರುವ ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ಫಿಸಿಯೊ ಮಾತಾಡುವುದು ಮಲಯಾಳ, ಮಲಗಿದವರದ್ದು ಬ್ಯಾರಿ. "ನೋವು ಹತ್ತರಲ್ಲಿ ಎಷ್ಟು?" ಎಂದರೆ ನಮ್ಮ ಉಮ್ಮಂದಿರು "ಏನಿಲ್ಲ ಮೋನೆ" ಅನ್ನುತ್ತಾರೆ. ಆ ಲೆಕ್ಕ ಬಿಡಿ. ರಾತ್ರಿ ನಿದ್ದೆ ಬಂತಾ, ಬಾತ್‌ರೂಮಿಗೆ ಹೋಗಲು ಆಯ್ತಾ ಎಂದು ಅವರದೇ ಮಾತಿನಲ್ಲಿ ಕೇಳಿ, ಫಿಸಿಯೊಗೆ ನೀವೇ ತಿಳಿಸಿ. ಮೀನಖಂಡ ಊದಿ ನೋಯುವುದು, ಜ್ವರ, ಗಾಯದಲ್ಲಿ ಕೀವು ಕಂಡರೆ ಮಾತ್ರ ಮಾತ್ರೆ ಕೊಟ್ಟು ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ ಆ ಕ್ಷಣವೇ.

ವ್ಯಾಯಾಮದ ಹೊತ್ತಿಗೆ ನೆಂಟರು ಬಂದರೆ ಜಗಲಿಯಲ್ಲಿ ಚಾಯ ಕೊಟ್ಟು ಕೂರಿಸಿ.